ಒಂದು ಚೌಕದಷ್ಟು ಜಾಗ

ಮಾರ್ಚ್ 3, ಸೋಮವಾರ

ಏಣಿಯ ಹನ್ನೊಂದನೇ ಮೆಟ್ಟಿಲ ಮೇಲೆ ನಿಂತರೆ ನನ್ನ ತಲೆ ಫ್ಯಾನಿಗೆ ಸಮ ಬರುತ್ತದೆ. ಇವತ್ತಿನ ಸಾಧನೆ ಇಷ್ಟೇ.

ಮಾವ, ಅಂದರೆ ಅಮ್ಮನ ತಮ್ಮ, ನಲವತ್ತು ವರ್ಷದಿಂದ ಅಂಗಡಿ ಬೋರ್ಡು, ಗೋಡೆ ಚಿತ್ರ ಬರೆಯುವವರು. ಹೋದ ವರ್ಷ ಏಣಿಯಿಂದ ಬಿದ್ದು ಬಲಭುಜ ಕೆಟ್ಟಿತು. ಕೈ ಎದೆಯಿಂದ ಮೇಲೆ ಏಳುವುದಿಲ್ಲ. ಓದು ಮುಗಿಸಿ ಎಂಟು ತಿಂಗಳಿಂದ ಅವರ ಮನೆಯ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ನಿನ್ನೆ ಕರೆದು, "ಗುರುಮನೆ ಗೋಡೆ ಸಿಕ್ಕಿದೆ. ಎದೆಯಿಂದ ಕೆಳಗಿನದು ನನ್ನದು, ಮೇಲಿನದು ನಿನ್ನದು. ಸಾಹಿತ್ಯ ಓದಿದವಳಿಗೆ ಇದಕ್ಕಿಂತ ಎತ್ತರದ ಕೆಲಸ ಎಲ್ಲಿ ಸಿಗುತ್ತೆ?" ಎಂದರು. ಚಿಕ್ಕಂದಿನಲ್ಲಿ ನನಗೆ ಇದ್ದಿಲು ಹಿಡಿದು ಗೆರೆ ಎಳೆಯಲು ಕಲಿಸಿದವರೂ ಅವರೇ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು: "ಇದು ನನ್ನ ಕೊನೇ ಗೋಡೆ. ಚೆನ್ನಾಗಿ ಆಗಬೇಕು."

ಗುರುಮನೆ ಎಂದರೆ ದೊಡ್ಡ ಧರ್ಮಗುರುಗಳಿರುವ ಮನೆ. ಮುಂದಿನ ಬಾಗಿಲಿಗೆ ಕಲ್ಲಿನ ಮೆಟ್ಟಿಲು, ಉಜ್ಜಿ ಉಜ್ಜಿ ಕನ್ನಡಿಯಾದ ಹಿತ್ತಾಳೆ ಹಿಡಿಕೆ, ಪರದೆ ಹಾಕಿದ ಉದ್ದನೆಯ ಕಾರು. ನಾವು ಹೋದದ್ದು ಹಿಂದಿನ ಬಾಗಿಲಿನಿಂದ. ಅಲ್ಲಿ ಬಡವರಿಗೆ ದಿನಾ ಮಧ್ಯಾಹ್ನ ಗಂಜಿ, ಬನ್ನು ಕೊಡುವ ಹಜಾರವಿದೆ. ಎರಡಕ್ಕೂ ಅಡುಗೆಮನೆ ಒಂದೇ, ನಡುವೆ ಇದೆ. ಅದಕ್ಕೆ ಎರಡು ಕಿಟಕಿ. ಮುಂದಿನ ಕಿಟಕಿಯಿಂದ ಮುಚ್ಚಳದ ಪಾತ್ರೆಗಳು ಹೋಗುತ್ತವೆ, ಹಿಂದಿನ ಕಿಟಕಿಯಿಂದ ಬಕೆಟ್ಟು.

ಕಾರ್ಯದರ್ಶಿಗಳು ಬಂದು ಚಿತ್ರ ಹೇಗಿರಬೇಕೆಂದು ಹೇಳಿದರು. "ಎಡಗಡೆ ಗುರುಗಳು ಕುರ್ಚಿ ಮೇಲೆ. ಕುರ್ಚಿ ಕೈಗಳ ಮೇಲಿನ ಎರಡೂ ಸಿಂಹದ ಮುಖ ಕಾಣಬೇಕು. ಗುರುಗಳು ಈಗಷ್ಟೇ ಒಬ್ಬನ ತಟ್ಟೆಗೆ ಬನ್ನು ಹಾಕಿ ಕೈ ತೆಗೀತಿದ್ದಾರೆ. ಅವನ ಹಿಂದೆ ಬಡವರ ಕ್ಯೂ. ಎಲ್ಲರೂ ನಗ್ತಾ ಇರಬೇಕು." ಆಮೇಲೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇದು ಸ್ವಲ್ಪ ಒಳಗಿರಲಿ" ಎಂದರು. ಯಾರದು ಎಂದು ಮಾವ ಕೇಳಲಿಲ್ಲ.

ನನ್ನ ಹೆಸರನ್ನು ಅವರು ಮೂರು ಸಲ ಕೇಳಿದರು. ಮೂರು ಸಲವೂ ಮಾವನೇ ಹೇಳಿದರು.

ಮಾರ್ಚ್ 5, ಬುಧವಾರ

ಅತ್ತೆಗೆ ಈ ಕೆಲಸ ಇಷ್ಟವಿಲ್ಲ. ಗುರುಮನೆಯ ಮೇಲಿನ ಸಿಟ್ಟಲ್ಲ, ಮಾವನ ಮೇಲಿನ ಅನುಮಾನ.

"ಹಳೇ ಚಾಳಿ ತೋರಿಸಲ್ಲ ತಾನೆ?"

"ಬಿಟ್ಟು ಮೂವತ್ತೈದು ವರ್ಷ ಆಯ್ತಲ್ಲೇ."

"ನಾಯಿ ಬಾಲ ನೆಟ್ಟಗಾಗೋಕೆ ಮೂವತ್ತೈದು ವರ್ಷ ಸಾಕಾ?"

ಮಾವ ಸ್ನಾನಕ್ಕೆ ಹೋದಾಗ ಅತ್ತೆ ಮಂಚದ ಕೆಳಗಿನಿಂದ ರಟ್ಟಿನ ಫೈಲೊಂದನ್ನು ಎಳೆದು ನನ್ನ ಮುಂದಿಟ್ಟರು. ಮಾವ ಮದುವೆಯಾದ ಹೊಸತರಲ್ಲಿ ಒಂದು ವಾರಪತ್ರಿಕೆಗೆ ಬರೆದ ಚಿತ್ರಗಳು. ಒಂದರಲ್ಲಿ ಧರ್ಮಗುರು ಮೆತ್ತನೆಯ ದಿಂಬುಗಳಿಗೆ ಒರಗಿದ್ದಾರೆ. ಹತ್ತಿರದಿಂದ ನೋಡಿದರೆ ದಿಂಬುಗಳೆಲ್ಲ ಮೊಣಕಾಲು ಮಡಚಿ ಮಲಗಿದ ಮನುಷ್ಯರು. ಇನ್ನೊಂದರಲ್ಲಿ ಆರು ಜನ ಸೇರಿ ಒಂದು ಭಾರೀ ಛತ್ರಿಯ ಕೋಲು ಹಿಡಿದಿದ್ದಾರೆ. ಕೆಳಗೆ ಗುರುಗಳು ಒಬ್ಬರೇ, ಬೆಚ್ಚಗೆ. ಆರೂ ಜನ ತೊಪ್ಪೆಯಾಗಿ ನೆನೆದಿದ್ದಾರೆ, ಆದರೂ ಮೇಲೆ ನೋಡಿ ಕೈಮುಗಿಯಲು ಒಂದೊಂದು ಕೈ ಬಿಡಿಸಿಕೊಳ್ಳುತ್ತಿದ್ದಾರೆ.

ಛತ್ರಿ ಅಚ್ಚಾದ ತಿಂಗಳೇ ಮಾವನಿಗೆ ಬೋರ್ಡು ಬರೆಸುವ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವಂತೆ. "ಎರಡು ವರ್ಷ ನಮ್ಮನೇಲಿ ಒಲೆ ನಗಲಿಲ್ಲ" ಎಂದರು ಅತ್ತೆ.

ಪರೀಕ್ಷೆಯಲ್ಲಿ ವಿಡಂಬನೆಯ ಲಕ್ಷಣಗಳ ಮೇಲೆ ನಾನು ನಾಲ್ಕು ಪುಟ ಬರೆದಿದ್ದೆ. ಬರೆಯುವಾಗ ಒಂದು ಸಲವೂ ನಗು ಬಂದಿರಲಿಲ್ಲ. ಛತ್ರಿಯನ್ನು ನೋಡಿ ಬಂತು. ಅತ್ತೆಗೆ ಕಾಣದಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ.

ಮಾರ್ಚ್ 6, ಗುರುವಾರ

ಸಣ್ಣ ಚಿತ್ರವನ್ನು ದೊಡ್ಡ ಗೋಡೆಗೆ ಏರಿಸುವ ಬಗೆ ಹೀಗೆ. ಕಾಗದದ ಮೇಲಿನ ಚಿತ್ರಕ್ಕೆ ಚೌಕಗಳನ್ನು ಎಳೆಯಬೇಕು. ಗೋಡೆಗೂ ಅಷ್ಟೇ ಚೌಕ, ಆದರೆ ದೊಡ್ಡವು. ಅಡ್ಡಕ್ಕೆ ಇಪ್ಪತ್ತು ಪಟ್ಟಿ, ಒಂದೊಂದಕ್ಕೂ ಅಂಕಿ. ಕಾಗದದ ಏಳನೇ ಪಟ್ಟಿಯಲ್ಲಿ ಏನಿದೆಯೋ ಅದನ್ನೇ ಗೋಡೆಯ ಏಳನೇ ಪಟ್ಟಿಯಲ್ಲಿ ಬರೆದರಾಯಿತು. "ಇಡೀ ಚಿತ್ರ ನೋಡೋಕೆ ಹೋಗಬೇಡ, ಕೈ ನಡುಗುತ್ತೆ. ಒಂದು ಚೌಕ ನೋಡು, ಅದನ್ನು ಮುಗಿಸು" ಎಂದರು ಮಾವ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ.

ನೀಲಿಪುಡಿ ಸವರಿದ ದಾರವನ್ನು ಎರಡೂ ತುದಿ ಬಿಗಿಹಿಡಿದು ಮೀಟಿದರೆ ಗೋಡೆಯ ಮೇಲೆ ನೆಟ್ಟನೆಯ ಗೆರೆ. ಗೆರೆಗಳೆಲ್ಲ ಮುಗಿದವು. ಅಂಕಿಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತ, ಇದ್ದಿಲಲ್ಲಿ ಚಿತ್ರ ಏರಿಸುತ್ತ ಒಂಬತ್ತನೇ ಪಟ್ಟಿಯ ತನಕ ಬಂದೆ. ಗುರುಗಳು, ಕುರ್ಚಿ, ಚಾಚಿದ ಕೈ ಮುಗಿಯಿತು. ಅಷ್ಟರಲ್ಲಿ ಊಟದ ಹೊತ್ತಾಯಿತು, ನಮ್ಮನ್ನು ಹೊರಗೆ ಕಳಿಸಿದರು.

ಮಾರ್ಚ್ 7, ಶುಕ್ರವಾರ

ಅಡುಗೆಮನೆಯ ಆವಿಗೆ ಗೋಡೆ ಬೆವತು ಅಂಕಿಗಳೆಲ್ಲ ಇಳಿದುಹೋಗಿದ್ದವು. ಗೆರೆಗಳು ಗಟ್ಟಿಯಾಗಿವೆ, ಪುಣ್ಯ. ನಿನ್ನೆ ಹತ್ತು ಮುಗಿಸಿದ್ದೆನಲ್ಲ ಎಂದು ಹನ್ನೊಂದರಿಂದ ಮುಂದುವರಿಸಿದೆ. ಮಾವ ಕೆಳಗೆ ಕೂತು ಕುರ್ಚಿಯ ಕಾಲುಗಳಿಗೆ ಬಣ್ಣ ಹಚ್ಚುತ್ತಿದ್ದರು. ತಟ್ಟೆ ಹಿಡಿದವನು ಮುಗಿದ. ಅವನಿಗೆ ಹಲ್ಲು ಜಾಸ್ತಿಯಾಯಿತೇನೋ.

ಇವತ್ತಿನಿಂದ ಗೋಡೆಗೆ ಎರಡು ಬಟ್ಟೆಯ ಪರದೆ. ಊಟ ಮಾಡುವವರ ಕಣ್ಣಿಗೆ ಅರ್ಧಂಬರ್ಧ ಗುರುಗಳು ಬೀಳಬಾರದೆಂದು ಕಾರ್ಯದರ್ಶಿಗಳ ಆಜ್ಞೆ. ನಾವು ಪರದೆಯ ಹಿಂದೆ. ಹಿಂದಕ್ಕೆ ಸರಿದು ನೋಡಲು ಜಾಗವಿಲ್ಲ, ಒಂದು ಸಲಕ್ಕೆ ಒಂದು ತುಂಡು ಗೋಡೆಯಷ್ಟೇ ಕಾಣುತ್ತದೆ.

ಮಾರ್ಚ್ 11, ಮಂಗಳವಾರ

ಊಟದ ಹೊತ್ತಿಗೆ ಹೊರಗೆ ಹೋಗಿ ಬರುವುದು ದಂಡವೆಂದು ಈಗ ನಾನು ಪರದೆಯ ಹಿಂದೆ ಹಲಗೆಯ ಮೇಲೆಯೇ ಕೂತಿರುತ್ತೇನೆ. ಕಾಣುವುದಿಲ್ಲ, ಕೇಳುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಜಾಗ ಲೋಕದಲ್ಲಿಲ್ಲ.

"ಇವತ್ತಿನ ಗಂಜಿ ಹೆಂಗಿದೆ?"

"ಮುಖ ನೋಡ್ಕೋಬಹುದು."

"ಹಂಗಾದ್ರೆ ನಿನ್ನೆಗಿಂತ ತೆಳ್ಳಗಿದೆ. ನಿನ್ನೆ ಬರೀ ಮೂಗು ಕಾಣ್ತಿತ್ತು."

ಇದು ಮೂಟೆ ಹೊರುವವನೊಬ್ಬನ ದನಿ. ಅವನಿಗೆ ಉತ್ತರ ಕೊಟ್ಟದ್ದು ಎಲ್ಲರೂ ಬಟ್ಟಲಜ್ಜಿ ಎನ್ನುವ ಮುದುಕಿ. ಪರದೆಯ ಸಂದಿಯಿಂದ ನೋಡಿದ್ದೇನೆ, ಇಲ್ಲಿಯ ತಟ್ಟೆ ಮುಟ್ಟುವುದಿಲ್ಲ; ನೀಲಿ ಅಂಚು ಒಡೆದ ತನ್ನದೇ ಬಟ್ಟಲು ತರುತ್ತದೆ. ಬನ್ನನ್ನು ಬೆಂಚಿನ ಅಂಚಿಗೆ ಬಡಿದು ಮುರಿಯುತ್ತದೆ. ಟಕ್ ಎಂದು ಶಬ್ದ ಬಂದರೆ ಅಜ್ಜಿ ಬಂದಿದೆ ಎಂದು ಲೆಕ್ಕ.

ಇವತ್ತು ಪರದೆಯ ಸಂದಿಯಲ್ಲಿ ಒಂದು ಕಣ್ಣು ಕಂಡಿತು.

"ಯಾರಮ್ಮಾ ಇವರೆಲ್ಲ?"

ಮಾವ ಕೆಳಗಿನಿಂದ, "ನೀವೇ ಕಣಜ್ಜಿ. ಊಟದ ಕ್ಯೂ" ಎಂದರು.

"ನಮ್ಮಲ್ಲಿ ಇಷ್ಟು ಹಲ್ಲು ಯಾರಿಗಿದೆ? ಇಡೀ ಕ್ಯೂದು ಸೇರಿಸಿದ್ರೂ ಈ ಒಬ್ಬನಷ್ಟು ಆಗಲ್ಲ."

ಅಜ್ಜಿ ಹೋದಮೇಲೆ ತಟ್ಟೆಯವನ ನಾಲ್ಕು ಹಲ್ಲು ತೆಗೆದೆ.

ಮಾರ್ಚ್ 13, ಗುರುವಾರ

ಕಾಗದದಲ್ಲಿ ಕ್ಯೂ ಮುಗಿಯಿತು, ಗೋಡೆ ಮುಗಿಯಲಿಲ್ಲ. ಬಲತುದಿಯಲ್ಲಿ ಒಂದು ಪಟ್ಟಿ ಖಾಲಿ ಉಳಿಯಿತು. ಮಾವನಿಗೆ ತೋರಿಸಿದೆ.

"ಗೋಡೆ ಬೆಳೀತಾ? ನಾನೇ ಅಳತೆ ತಪ್ಪಿರಬೇಕು. ವಯಸ್ಸಾಯ್ತು. ಇನ್ನೊಬ್ಬರನ್ನು ನಿಲ್ಲಿಸಿಬಿಡು."

"ಯಾರನ್ನ?"

"ಅದನ್ನೂ ನಾನೇ ಹೇಳಬೇಕಾ?"

ಊಟ ಮುಗಿದು ಎಲ್ಲರೂ ಹೋಗುವಾಗ ಪರದೆಯ ಸಂದಿಯಿಂದ ತಲೆ ಹೊರಗೆ ಹಾಕಿದೆ. ಬಟ್ಟಲಜ್ಜಿ ನನ್ನನ್ನು ನೋಡಿತು, ನಾನು ಅಜ್ಜಿಯನ್ನು. ಏನೆಂದು ಕೇಳಬೇಕೋ ತಿಳಿಯದೆ ಇದ್ದಿಲನ್ನು ತೋರಿಸಿದೆ. ಅಜ್ಜಿ ಅರ್ಥ ಮಾಡಿಕೊಂಡಿತು. ಬಟ್ಟಲನ್ನು ಎದೆಗೆ ಹಿಡಿದು ನಿಂತಿತು.

"ನಗಬೇಕಾ?"

ಬೇಡ ಎಂದು ತಲೆಯಾಡಿಸಿದೆ.

ಒಂದು ಗಂಟೆ ನಿಂತಿತು. ನಿಂತಷ್ಟು ಹೊತ್ತೂ ಮಾತು. ಮೂವತ್ತು ವರ್ಷ ಇದೇ ಗುರುಮನೆಯ ಹಾಸಿಗೆ, ಹೊದಿಕೆ ಒಗೆದದ್ದಂತೆ. ಮೆಷಿನ್ ಬಂದಮೇಲೆ ಬೇಡ ಎಂದರಂತೆ. "ಮುಂದಿನ ಬಾಗಿಲಲ್ಲಿ ಬಟ್ಟೆ ಒಯ್ತಿದ್ದೆ, ಈಗ ಹಿಂದಿನ ಬಾಗಿಲಲ್ಲಿ ಊಟ ಮಾಡ್ತೀನಿ. ಮನೆ ಬದಲಾಗಿಲ್ಲ ನೋಡು, ಬಾಗಿಲಷ್ಟೇ." ಕೈಬೆರಳುಗಳನ್ನು ತಾಳೆ ನೋಡಿ ನೋಡಿ ಬರೆದೆ. ಒಗೆದು ಒಗೆದು ಹಗ್ಗದ ಗಂಟುಗಳಂತಾಗಿವೆ. ಕಾಗದದಲ್ಲಿಲ್ಲದ ಏನನ್ನಾದರೂ ನಾನು ಬರೆದದ್ದು ಇದೇ ಮೊದಲು.

ಮಾವ ಬಂದು ಹತ್ತಿರ ಬಗ್ಗಿ ನೋಡಿದರು. ಆಮೇಲೆ, "ಇದಕ್ಕೆ ನಾನು ಕೈ ಹಾಕಲ್ಲ. ಬಣ್ಣವೂ ನೀನೇ ಹಚ್ಚು" ಎಂದರು.

ಮಾರ್ಚ್ 17, ಸೋಮವಾರ

ಬಣ್ಣ. ಬೆಳಿಗ್ಗೆಯಿಂದ ಸಂಜೆಯ ತನಕ. ಕೂದಲೊಳಗೆ ಹಸಿರು. ಬಟ್ಟಲಿನ ನೀಲಿ ಅಂಚು ಮೂರನೇ ಸಲಕ್ಕೆ ಸರಿ ಬಂತು.

ಮಾರ್ಚ್ 19, ಬುಧವಾರ

ಹೇಗೆ ಬರೆಯಲಿ.

ಊಟದ ಹೊತ್ತಿಗೆ ಕಾರ್ಯದರ್ಶಿಗಳು ಬಂದು, ಜನರ ಮುಂದೆಯೇ ಪರದೆ ಇಳಿಸೋಣ ಎಂದರು. ಎರಡೂ ಪರದೆ ಒಟ್ಟಿಗೆ ಬಿದ್ದವು. ನಾನು ಮಾವನ ಬೆನ್ನ ಹಿಂದೆ ನಿಂತಿದ್ದೆ. ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿದರು. ನಂತರ ಮೂಟೆಯವನು ನಿಧಾನಕ್ಕೆ, "ಅಲ್ಲ, ಕೊಟ್ಟ ಬನ್ನು ವಾಪಸ್ ಕಿತ್ಕೋತಾ ಇದ್ದಾರಲ್ಲ" ಎಂದ.

ಆಗ ನಾನೂ ಮೊದಲ ಸಲ ಇಡೀ ಗೋಡೆಯನ್ನು ಒಟ್ಟಿಗೆ ನೋಡಿದೆ. ಗುರುಗಳ ಕೈ ತಟ್ಟೆಯ ಒಳಗೇ ಇತ್ತು. ಬಾಗಿದ ಬೆರಳುಗಳು ನೇರ ಬನ್ನಿನ ಮೇಲೆ. ತಟ್ಟೆಯವನು ಹಲ್ಲು ಬಿಟ್ಟು ನಗುತ್ತಿದ್ದ, ಅವನ ಹಿಂದಿನವರೂ ನಗುತ್ತಿದ್ದರು. ಕಸಿದುಕೊಳ್ಳಿ ಗುರುಗಳೇ, ನಮ್ಮದೇನಿದೆ, ಎನ್ನುವ ಹಾಗೆ. ನಗದೆ ನಿಂತವಳು ಕೊನೆಯಲ್ಲಿ ಅಜ್ಜಿ ಒಬ್ಬಳೇ.

ಹಜಾರ ನಕ್ಕಿತು. ನೂರು ಜನ ಒಟ್ಟಿಗೆ. ಗಂಜಿ ನೆತ್ತಿಗೇರಿ ಕೆಮ್ಮಿದರು, ಬೆಂಚು ಬಡಿದರು. ಅಡುಗೆಯವರು ಸೌಟು ಹಿಡಿದೇ ಕಿಟಕಿಯಿಂದ ಬಗ್ಗಿ ನೋಡಿ ತಲೆ ಒಳಗೆಳೆದುಕೊಂಡರು. ಒಳಗಿನಿಂದಲೂ ನಗು ಕೇಳಿತು.

ಕಾರ್ಯದರ್ಶಿಗಳ ಮುಖ ಸುಣ್ಣವಾಗಿತ್ತು. ಮಾವನನ್ನು ಅಂಗಳಕ್ಕೆ ಕರೆದರು. "ನಿಮ್ಮ ಹಳೇ ಕಥೆ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಛತ್ರಿ ಬರೆದವರು ನೀವೇ. ಗೊತ್ತಿದ್ದೂ ಕೆಲಸ ಕೊಟ್ಟೆ, ವಯಸ್ಸಾಗಿದೆ, ಬುದ್ಧಿ ಬಂದಿರುತ್ತೆ ಅಂತ. ನಾಳೆ ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ. ನಂದೂ ಹೊಟ್ಟೆಪಾಡು ಸ್ವಾಮಿ." ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. "ಇನ್ನೊಂದು ವಾರದಲ್ಲಿ ಗುರುಗಳು ಗೋಡೆ ನೋಡೋಕೆ ಬರ್ತಾರೆ. ಅಷ್ಟರಲ್ಲಿ ಸರಿ ಮಾಡಿ. ಇಲ್ಲ ಅಂದ್ರೆ ಇಡೀ ಗೋಡೆಗೆ ಸುಣ್ಣ."

ಮಾವ ಬೇಕೆಂದು ಮಾಡಿದ್ದಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಮತ್ತೆ ಮುಚ್ಚಿ, ಕುಂಚಗಳನ್ನು ಎಣಿಸಿ ಚೀಲಕ್ಕೆ ಹಾಕಿದೆ.

ಮನೆಗೆ ಬಂದು ಕಾಗದ ತೆಗೆದು ಪಟ್ಟಿ ಎಣಿಸಿದೆ. ಒಂಬತ್ತರಲ್ಲಿ ಗುರುಗಳ ಬೆರಳು ಮುಗಿಯುತ್ತವೆ. ಹನ್ನೊಂದರಲ್ಲಿ ತಟ್ಟೆ ಶುರು. ನಡುವೆ ಹತ್ತು. ಹತ್ತರಲ್ಲಿ ಏನೂ ಇಲ್ಲ, ಬರೀ ಖಾಲಿ. ಗೋಡೆಯಲ್ಲಿ ನಾನು ಅದನ್ನೇ ಬಿಟ್ಟು, ಒಂಬತ್ತರ ಪಕ್ಕಕ್ಕೇ ಹನ್ನೊಂದನ್ನು ಬರೆದಿದ್ದೆ.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಮಾವ ಸೀಟಿ ಹಾಕುತ್ತ ಗಡ್ಡ ಹೆರೆದುಕೊಳ್ಳುತ್ತಿದ್ದರು. ಅತ್ತೆ ಬಾಗಿಲಲ್ಲಿ ನಿಂತು, "ಊರು ಕೊಳ್ಳೆ ಹೋದಮೇಲೆ ಸಂಗೀತ ಬೇರೆ" ಎಂದರು. ಅತ್ತೆ ರಾತ್ರಿ ಅತ್ತಿದ್ದಾರೆ, ಕಣ್ಣು ಊದಿದೆ.

ಮಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಿಂತು, ನನ್ನ ತಲೆಯ ಮೇಲೆ ಕೈಯಿಡಲು ಹೋದರು. ಕೈ ಅಷ್ಟು ಮೇಲೆ ಬರಲಿಲ್ಲ, ಭುಜದ ಮೇಲಿಟ್ಟರು.

"ಛತ್ರಿ ನೋಡಿ ನಕ್ಕವರು ಪತ್ರಿಕೆ ಓದೋ ಜನ. ಛತ್ರಿ ಹಿಡಿದವರು ಯಾರೂ ನಗಲಿಲ್ಲ, ಅವರಿಗೆ ಅದು ತಲುಪಲೇ ಇಲ್ಲ. ನಿನ್ನೆ ನಕ್ಕವರು ಯಾರು ನೋಡಿದ್ಯಾ? ಇಷ್ಟು ಮಾಡಿ ನನಗೊಂದು ಮಾತು ಹೇಳಲಿಲ್ಲ ನೀನು. ಕಳ್ಳಿ."

ನಾನು ಬೇಕೆಂದೇ ಮಾಡಿದೆ ಎಂದುಕೊಂಡಿದ್ದಾರೆ. ನನ್ನನ್ನು ಹೀಗೆ ಹೆಮ್ಮೆಯಿಂದ ಯಾರೂ ನೋಡಿರಲಿಲ್ಲ. ಹಾಗೆಯೇ ಇದ್ದುಬಿಡಲೇ ಎನ್ನಿಸಿತು. ನಿಜ ಹೇಳುತ್ತೇನೆ, ಒಂದು ನಿಮಿಷ ಹಾಗೆಯೇ ಇದ್ದೆ.

"ಅಂಕಿ ಅಳಿಸಿತ್ತು ಮಾವ. ಹತ್ತನ್ನ ಬಿಟ್ಟು ಹನ್ನೊಂದು ಬರೆದೆ."

ಅವರು ನನ್ನನ್ನೇ ನೋಡಿದರು. ಬೇಸರವಾಯಿತೇನೋ ಎಂದು ಹೆದರಿದೆ. ಆಮೇಲೆ ಹಿತ್ತಲಿನ ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಹಂಗಾದ್ರೆ ಇದನ್ನ ಬರೆದದ್ದು ನಾನೂ ಅಲ್ಲ, ನೀನೂ ಅಲ್ಲ. ಅವರ ಅಡುಗೆಮನೆ ಆವಿ."

ನಗು ನಿಂತಮೇಲೆ, "ಕೊನೇ ಗೋಡೆ. ಸುಣ್ಣ ಬಿದ್ರೆ ಬೀಳಲಿ ಅಂದ್ಕೊಂಡಿದ್ದೆ. ಆದ್ರೆ ಅಜ್ಜಿ ಕೈ ನೆನಪಾಯ್ತು. ಅದರ ಮೇಲೆ ಸುಣ್ಣ ಬಳಿಯೋಕೆ ಮನಸ್ಸು ಬರಲ್ಲ" ಎಂದರು.

ಮಾರ್ಚ್ 21, ಶುಕ್ರವಾರ

ಕಾರ್ಯದರ್ಶಿಗಳೇ ಉಪಾಯ ಹುಡುಕಿದ್ದಾರೆ. ಕೈಗೂ ತಟ್ಟೆಗೂ ನಡುವೆ ಒಂದು ಚೌಕ ಜಾಗ ಬೇಕು. "ಕ್ಯೂ ಒಂದೊಂದು ಹೆಜ್ಜೆ ಹಿಂದಕ್ಕೆ ಸರೀಲಿ. ಕೊನೆಯ ಮುದುಕಿ ಕಾಗದದಲ್ಲಿ ಇರಲೇ ಇಲ್ವಲ್ಲ, ಅದನ್ನ ಅಳಿಸಿ."

ಏಳು ಜನರನ್ನು ಸರಿಸಿ ಹೊಸದಾಗಿ ಬರೆಯಬೇಕು. ಮಾವ ಭುಜ ನೀವಿಕೊಂಡರು.

ಅಜ್ಜಿಗೆ ಯಾರಾದರೂ ಹೇಳಬೇಕಿತ್ತು. ಊಟದ ಬೆಂಚಿನ ಮೇಲೆ ಪಕ್ಕದಲ್ಲಿ ಹೋಗಿ ಕೂತು ಹೇಳಿದೆ. ಅಜ್ಜಿ ಬನ್ನು ನೆನೆಸುತ್ತ ಕೇಳಿತು.

"ಅಳಿಸ್ಕೊಳ್ಳಿ. ಅಲ್ಲಿ ನಿಂತು ನಂಗೇನು ಬನ್ನು ಸಿಗ್ತಿತ್ತಾ. ಆದ್ರೆ ಆ ಕೈ ಹಂಗೇ ಇರಲಿ ಕಣೇ. ಮೊನ್ನೆ ಎಷ್ಟು ನಗಾಡಿದ್ವಿ. ಬರೀ ಗಂಜೀಲೇ ಹೊಟ್ಟೆ ತುಂಬ್ತು."

"ಕೈ ಸರಿ ಮಾಡೋಕೇ ನಿಮ್ಮನ್ನ ಅಳಿಸೋದು ಅಜ್ಜಿ."

"ಓ." ಬಟ್ಟಲನ್ನು ಓರೆ ಮಾಡಿ ಕೊನೆಯ ಗುಟುಕು ಕುಡಿಯಿತು. "ಜಾಗ ಬೇಕಾದ್ರೆ ಯಾವಾಗ್ಲೂ ನಮ್ಮ ಕಡೆಯಿಂದಾನೇ ಹುಡುಕ್ತಾರೆ. ಆ ಕಡೆ ಏನು ಗೋಡೆ ಮುಗಿದುಹೋಗಿದ್ಯಾ?"

ಆ ಕಡೆ ಕುರ್ಚಿ ಇದೆ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಗುರುಮನೆಗೆ ಹೋದೆ. ಚಪ್ಪಲಿಯ ಒಂದು ಬಾರು ಕಿತ್ತುಹೋಗಿತ್ತು, ಕಾಲೆಳೆಯುತ್ತ ನಡೆದೆ. ಹಿಂದಿನ ಗೇಟಿಗೆ ಬೀಗ ಹಾಕಿತ್ತು. ಅದಕ್ಕೇ ಮುಂದಿನ ಬಾಗಿಲಿಗೆ ಹೋದದ್ದು. ಹಿತ್ತಾಳೆ ಹಿಡಿಕೆ ಮುಟ್ಟಲು ತಣ್ಣಗಿದೆ.

ಕಾರ್ಯದರ್ಶಿಗಳನ್ನು ಕೇಳಲು ಹೋಗಿದ್ದು. ಅವರಿದ್ದದ್ದು ಒಳಗಿನ ಪಡಸಾಲೆಯಲ್ಲಿ, ಗುರುಗಳ ಹತ್ತಿರ. ನಾನು ಹದಿನೈದು ದಿನದಿಂದ ಬರೆದ ಗುರುಗಳು ಆರಡಿ ಎತ್ತರ, ಅಗಲ ಎದೆ. ಇವರು ಸಣ್ಣಗಿನ ಮುದುಕರು. ನಿಜ, ಹೊಟ್ಟೆ ಇದೆ. ಸಿಂಹದ ಕುರ್ಚಿಯಲ್ಲಿ ಕೂತಿದ್ದರು, ಕಾಲು ನೆಲಕ್ಕೆ ಸಿಗದೆ ಮಣೆಯ ಮೇಲಿತ್ತು. ಎರಡೂ ಕೈ ಬಿಸಿನೀರಿನ ಬೋಗುಣಿಯಲ್ಲಿ. ನೀರಿನೊಳಗೂ ಬೆರಳುಗಳು ಕೊಕ್ಕೆಯಂತೆ ಬಾಗಿಕೊಂಡೇ ಇದ್ದವು.

ಕಾಗದ ಬಿಚ್ಚಿ ತೋರಿಸಿ ಹೇಳಿದೆ. ಹತ್ತನೇ ಪಟ್ಟಿ ಬಿಟ್ಟದ್ದು ನಾನು, ಮಾವನದೇನೂ ತಪ್ಪಿಲ್ಲ. ಕ್ಯೂ ಸರಿಸಿದರೆ ಏಳು ಜನರನ್ನು ಬರೆಯಬೇಕು, ಒಬ್ಬರನ್ನು ಅಳಿಸಬೇಕು. ಗುರುಗಳನ್ನು ಒಂದು ಚೌಕ ಎಡಕ್ಕೆ ಸರಿಸಿದರೆ ಒಬ್ಬರನ್ನು ಬರೆದರೆ ಸಾಕು, ಯಾರನ್ನೂ ಅಳಿಸುವುದು ಬೇಡ. ಕುರ್ಚಿ ಮಾತ್ರ ಒಂದು ಚೌಕ ಕಡಿಮೆಯಾಗುತ್ತದೆ. ಲೆಕ್ಕ ಅಷ್ಟೇ.

"ಎಡಗಡೆ ಸಿಂಹ?" ಎಂದರು ಕಾರ್ಯದರ್ಶಿಗಳು.

"ಗೋಡೆಯಿಂದ ಹೊರಗೆ ಹೋಗುತ್ತೆ."

ಗುರುಗಳು ಕೇಳಿದರು: "ತಪ್ಪಾಗಿದೆ ಅಂತ ಹೇಗೆ ಗೊತ್ತಾಯ್ತು ಮಗಳೇ?"

"ಜನ ನಕ್ಕರು."

"ನನ್ನ ಮುಂದೆ ಯಾರೂ ನಗಲ್ಲ. ಏನಂತ ನಕ್ಕರು?"

ಮೂಟೆಯವನು ಹೇಳಿದ್ದನ್ನು ಹಾಗೆಯೇ ಹೇಳಿದೆ. ಕಾರ್ಯದರ್ಶಿಗಳು ಕೆಮ್ಮಿದರು. ಗುರುಗಳು ಬೋಗುಣಿಯಿಂದ ಕೈಯೆತ್ತಿ ನೋಡಿಕೊಂಡರು, ನೀರು ಸೋರಿತು. "ಇವು ಬಿಚ್ಚೋದೇ ಇಲ್ಲ. ಹತ್ತು ವರ್ಷ ಆಗಿರಬೇಕು, ಯಾರಿಗಾದ್ರೂ ಏನಾದ್ರೂ ಕೈಯಾರೆ ಕೊಟ್ಟು. ಹಿಂದಿನ ಹಜಾರಕ್ಕೆ ಹೋಗಿ ಎಷ್ಟು ದಿನ ಆಯ್ತು?"

"ತಮಗೆ ಆ ಕಡೆ ಮೆಟ್ಟಿಲು ಆಗಲ್ಲ ಅಂತ..." ಎಂದರು ಕಾರ್ಯದರ್ಶಿಗಳು.

ಗುರುಗಳು ಕೈಗಳನ್ನು ಮತ್ತೆ ಬೋಗುಣಿಯಲ್ಲಿ ಅದ್ದಿ, "ಒಂದು ಸಿಂಹ ಸಾಕು. ಇನ್ನೊಂದು ಎಲ್ಲಿ ಅಂತ ಯಾರೂ ಕೇಳಲ್ಲ" ಎಂದರು.

ಬರುವಾಗ ಬಾರು ಪೂರ್ತಿ ಕಿತ್ತುಬಂತು. ಬರಿಗಾಲಲ್ಲಿ ಮನೆ ಸೇರಿದೆ. ಅತ್ತೆ ಕೇಳಿದರು, "ಅವರ ಮುಂದೆ ಮಾತಾಡಿದವರು ಯಾರು?" ಪ್ರಶ್ನೆ ಅರ್ಥವಾಗಲಿಲ್ಲ. ಅಲ್ಲಿ ಹೋದದ್ದು ನಾನೊಬ್ಬಳೇ ತಾನೆ.

ಮಾರ್ಚ್ 25, ಮಂಗಳವಾರ

ಗುರುಗಳು ಸರಿದರು. ಸಿಂಹ ಹೋಯಿತು. ಹತ್ತನೇ ಪಟ್ಟಿ ಬಂತು.

ಮೂಟೆಯವನು ನೋಡಿ, "ಮೊದಲಿನದೇ ಚೆನ್ನಾಗಿತ್ತು" ಎಂದು ಬೆನ್ನು ತಿರುಗಿಸಿ ಕೂತು ಉಂಡ. ಎಲ್ಲರೂ ಹಾಗೆಯೇ. ಮಾವ ಕುಂಚ ತೊಳೆಯುತ್ತಿದ್ದರು. ಫೈಲನ್ನು ಅತ್ತೆ ಮತ್ತೆ ಮಂಚದ ಕೆಳಗೆ ತಳ್ಳಿದ್ದಾರೆ. ಗೋಡೆ ಉಳಿಯಿತು, ಸಂತೋಷಪಡಬೇಕು.

ಮಾರ್ಚ್ 27, ಗುರುವಾರ

ಗುರುಗಳು ಬಂದರು. ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತೇನೆ.

ಮೊದಲು ಕುರ್ಚಿ ಬಂತು. ನಾಲ್ಕು ಜನ ಹೊತ್ತು ತಂದರು. ಹಿಂದಿನ ಹಜಾರದ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ನೆಟ್ಟಗೆ, ಓರೆಗೆ, ಕಾಲು ಮೇಲೆ ಮಾಡಿ, ಏನು ಮಾಡಿದರೂ ಒಂದಲ್ಲ ಒಂದು ಸಿಂಹ ಚೌಕಟ್ಟಿಗೆ ಮೂಗು ತಾಗಿಸಿಕೊಂಡು ನಿಲ್ಲುತ್ತಿತ್ತು. "ಮನೆ ಕಟ್ಟಿದವನಿಗೆ ಗೊತ್ತಿತ್ತು, ಇದು ಈ ಕಡೆ ಬರಲ್ಲ ಅಂತ" ಎಂದಿತು ಬಟ್ಟಲಜ್ಜಿ, ಯಾರಿಗೂ ಅಲ್ಲದಂತೆ. ಅಷ್ಟರಲ್ಲಿ ಗುರುಗಳು ಇಬ್ಬರ ಹೆಗಲು ಹಿಡಿದು ಅಡುಗೆಮನೆಯ ಮೂಲಕ ಬಂದು, ಊಟದ ಬೆಂಚಿನ ಮೇಲೆ ಕೂತುಬಿಟ್ಟರು. ಕಾಲು ನೆಲಕ್ಕೆ ಸಿಕ್ಕಿತು.

ಚಿತ್ರ ನೋಡಿದರು. "ಹೊಟ್ಟೆ ಎಲ್ಲಿ?" ಎಂದರು. ಕಾರ್ಯದರ್ಶಿಗಳು ಕರವಸ್ತ್ರ ತೆಗೆದರು.

ಫೋಟೋದವನು ಬಂದಿದ್ದ. ಚಿತ್ರದಲ್ಲಿರುವ ಹಾಗೆಯೇ ಒಂದು ಫೋಟೋ ಬೇಕು, ಗುರುಗಳು ಬನ್ನು ಕೊಡುವುದು. ಹತ್ತಿರವಿದ್ದ ಅಜ್ಜಿಯನ್ನೇ ಎದುರಿಗೆ ನಿಲ್ಲಿಸಿದರು. ಅಡುಗೆಯವರು ಬಕೆಟ್ಟಿನಿಂದ ಒಂದು ಬನ್ನು ತೆಗೆದು ಗುರುಗಳ ಬೆರಳುಗಳ ನಡುವೆ ಸಿಕ್ಕಿಸಿದರು. ಗುರುಗಳು ಕೈ ಚಾಚಿದರು. ಅಜ್ಜಿ ಬಟ್ಟಲು ಹಿಡಿಯಿತು.

ಬನ್ನು ಬೀಳಲಿಲ್ಲ.

ಗುರುಗಳು ಕೈ ಅಲ್ಲಾಡಿಸಿದರು. ಬೆರಳು ಬಿಚ್ಚಲಿಲ್ಲ. ಇನ್ನೂ ಕೆಳಗೆ ತಂದರು, ಕೈ ಬಟ್ಟಲಿನೊಳಗೇ ಹೋಯಿತು, ಇನ್ನೇನು ಗಂಜಿಗೆ ತಾಗಬೇಕು. ನೂರು ಜನ ನೋಡುತ್ತಿದ್ದರು. ಹೋದ ವಾರ ನೋಡಿದ ಅದೇ ಚಿತ್ರ. ಈ ಸಲ ಯಾರೂ ನಗಲಿಲ್ಲ. ಗುರುಗಳ ಹಣೆಯಲ್ಲಿ ಬೆವರು ಮೂಡಿತು.

"ಇರಿ" ಎಂದಿತು ಅಜ್ಜಿ. ಬಟ್ಟಲನ್ನು ಬೆಂಚಿನ ಮೇಲಿಟ್ಟು, ಒದ್ದೆ ಬಟ್ಟೆಯ ಗಂಟು ಬಿಚ್ಚುವವರ ಹಾಗೆ, ಒಂದೊಂದೇ ಬೆರಳನ್ನು ಬಿಡಿಸಿತು. ಹೆಬ್ಬೆರಳು ಕೊನೆಗೆ. "ನೋವಾಯ್ತಾ?" ಗುರುಗಳು ಇಲ್ಲವೆಂದು ತಲೆಯಾಡಿಸಿದರು. ಅಜ್ಜಿ ಬನ್ನನ್ನು ಬೆಂಚಿನ ಅಂಚಿಗೆ ಬಡಿಯಿತು. ಟಕ್. ಎರಡಾಯಿತು. ಒಂದನ್ನು ತನ್ನ ಬಟ್ಟಲಿನ ಗಂಜಿಗೆ ಅದ್ದಿ ಮೆತ್ತಗೆ ಮಾಡಿ ಗುರುಗಳ ಕೈಗಿಟ್ಟಿತು. "ಹಂಗೇ ತಿಂದ್ರೆ ಹಲ್ಲು ಹೋಗುತ್ತೆ. ನೆನೆಸಿ ತಿನ್ನಬೇಕು."

ಗುರುಗಳು ತಿಂದರು. ಬಹಳ ಹೊತ್ತು ಅಗಿದರು.

"ಇದು ಯಾವತ್ತಿನದು?"

ಕಾರ್ಯದರ್ಶಿಗಳು ಅಡುಗೆಯವರನ್ನು ನೋಡಿದರು. ಅಡುಗೆಯವರು ಬಕೆಟ್ಟನ್ನು ನೋಡಿದರು. ಆಗ ಹಜಾರದ ಹಿಂದಿನಿಂದ ಯಾರೋ, "ಮೊನ್ನೆಯದು. ಮುಂದಿನ ಕಿಟಕಿಯಲ್ಲಿ ಉಳಿದದ್ದು ಈ ಕಿಟಕಿಗೆ ಬರುತ್ತೆ" ಎಂದರು. ದೊಡ್ಡ ದನಿ, ಮೂಲೆ ಮೂಲೆಗೂ ಕೇಳಿತು. ಅದು ನನ್ನ ದನಿ ಎಂದು ಮನೆಗೆ ಬರುವಾಗ ಮಾವ ಹೇಳಿದರು. ಇರಬಹುದು.

ಗುರುಗಳು ಕೈಯಲ್ಲಿ ಉಳಿದ ತುಂಡನ್ನೂ ಗಂಜಿಗೆ ಅದ್ದಿ ಪೂರ್ತಿ ತಿಂದು ಎದ್ದರು. ನಾಳೆ ಯಾವತ್ತಿನ ಬನ್ನು ಬರುತ್ತದೋ ನೋಡಬೇಕು. ಅಜ್ಜಿಯ ಬೆಂಚಿನಿಂದ ಟಕ್ ಎನ್ನುತ್ತದೋ ಇಲ್ಲವೋ, ಅದರಲ್ಲೇ ಗೊತ್ತಾಗುತ್ತದೆ.

ಬಣ್ಣದ ಡಬ್ಬಗಳನ್ನು ತರಲು ಇನ್ನೊಂದು ದಿನ ಹೋಗಬೇಕು. ದಾರಿಯಲ್ಲಿ ಮಾವ, "ಫೋಟೋದವನು ಅಜ್ಜಿ ಬೆರಳು ಬಿಡಿಸುವಾಗ ಕ್ಯಾಮೆರಾ ಇಳಿಸಿಬಿಟ್ಟ, ಪೆದ್ದ. ನೀನು ನೋಡಿಕೊಂಡ್ಯಾ?" ಎಂದರು.

"ನೋಡಿಕೊಂಡೆ."

ಮನೆಯಲ್ಲಿ ಫೈಲು ಊಟದ ಮೇಜಿನ ಮೇಲಿತ್ತು. ಯಾರು ತೆಗೆದಿಟ್ಟರೆಂದು ಕೇಳಿದರೆ ಅತ್ತೆ, "ಕಸ ಗುಡಿಸೋಕೆ ಅಡ್ಡ ಆಗ್ತಿತ್ತು" ಎಂದರು. ಜೊತೆಗೆ ಇದ್ದಿಲೂ ಇತ್ತು.

ಈ ಪುಟದ ಹಿಂದೆ ಚೌಕ ಹಾಕಿದ್ದೇನೆ. ಅಡ್ಡಕ್ಕೆ ಇಪ್ಪತ್ತು. ಅಂಕಿಗಳನ್ನು ಪೆನ್ನಿನಲ್ಲಿ ಬರೆದು ಎರಡು ಸಲ ಎಣಿಸಿದ್ದೇನೆ. ಒಂಬತ್ತರ ತನಕ ಗುರುಗಳ ತೋಳು, ಹನ್ನೊಂದರಿಂದ ಅಜ್ಜಿಯದು. ಹತ್ತನೆಯದರಲ್ಲಿ ಈ ಸಲ ಖಾಲಿ ಇಲ್ಲ. ಹತ್ತು ಬೆರಳು ಹಿಡಿಸಬೇಕು.